ಹೂವಿನ ಪಿಕಪ್ಪಿನ ಹೊಗೆ ಯಾವ ಕಡೆಗೆ ಬಿಡೋದು? ಒಂದು ಪ್ರಕರಣ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನು ಹತ್ತು ದಿನ ಇತ್ತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೂವು ಸಾಗಿಸುವ ಅಣ್ಣ, ನಮಗೆಲ್ಲ ಹೂವಿನ ಅಣ್ಣ, ಪಿಕಪ್ಪನ್ನು ನಮ್ಮ ಗ್ಯಾರೇಜಿನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಮುಖ ಸಪ್ಪಗಿತ್ತು.

"ನಾಲ್ಕು ಮೂಟೆ ಸೇವಂತಿಗೆ ಹೋಯ್ತು ಕಣಪ್ಪ. ಮಾರ್ಕೆಟ್ಟಲ್ಲಿ ಮೂಸಿ ನೋಡಿ ಪಕ್ಕಕ್ಕೆ ಎಸೆದರು. ಹೊಗೆ ವಾಸನೆಯಂತೆ. ಅಡಿ ಹೂವೆಲ್ಲ ಬೆಂದ ಹಾಗಿದೆ."

ಹಿಂದಿನಿಂದ ಇಳಿದ ಹುಡುಗ ಮಾತಾಡಲಿಲ್ಲ. ನಲ್ಲಿ ಹತ್ತಿರ ಹೋಗಿ ಮುಖ ತೊಳೆದುಕೊಂಡು ಕಟ್ಟೆ ಮೇಲೆ ಕೂತ. ಕಣ್ಣು ಕೆಂಪಗಿತ್ತು. ಏನೋ ಅಂದರೆ, "ತಲೆ ಸಿಡೀತಿದೆ ಅಣ್ಣ, ಹೆಬ್ಬಾಳದ ಹತ್ತಿರ ವಾಂತಿ ಆಯ್ತು" ಅಂದ. ನಿದ್ದೆಗೆಟ್ಟು ಹೀಗಾಗಿದೆ ಅಂತ ಹೂವಿನ ಅಣ್ಣನ ತೀರ್ಮಾನ. ಹಾಗಾಗುತ್ತಿರೋದು ಇದೇ ಮೊದಲಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಗಾಡಿ ಗ್ಯಾರೇಜಿಗೆ ಬಂದದ್ದು ಹುಡುಗನ ತಲೆನೋವಿಗಲ್ಲ, ಸೇವಂತಿಗೆಗೆ. ಇದನ್ನು ಮುಚ್ಚಿಡುವುದು ಬೇಡ.

ಗಾಡಿಯ ವಿವರ ಹೇಳಿಬಿಡುತ್ತೇನೆ. 2015ರ ಮಾಡೆಲ್, ಡೀಸೆಲ್, ಟರ್ಬೊ ಎಂಜಿನ್, ಬಿಎಸ್-3 (ಗಾಡಿ ಹೊಗೆಗೆ ಸರ್ಕಾರ ಇಟ್ಟ ಮಿತಿಯ ಹಳೆಯ ಹಂತ). ಹಿಂದಿನ ಬಾಡಿ ಊರಲ್ಲೇ ಕಟ್ಟಿಸಿದ್ದು. ಕಬ್ಬಿಣದ ಫ್ರೇಮು, ಮೇಲೆ ಟಾರ್ಪಾಲು. ರಾತ್ರಿ ಎರಡಕ್ಕೆ ಚಿಕ್ಕಬಳ್ಳಾಪುರದ ಸುತ್ತಲಿನ ಹಳ್ಳಿಗಳಲ್ಲಿ ಹೂವು ತುಂಬಿಕೊಂಡು, ದೇವನಹಳ್ಳಿ, ಯಲಹಂಕ, ಹೆಬ್ಬಾಳ ದಾಟಿ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ. ಸುಮಾರು 60 ಕಿಲೋಮೀಟರ್. ಓಡಿಸುವವನು ಅಣ್ಣನ ಅಳಿಯ, ತಂಗಿ ಮಗ. ಹುಡುಗ ಹಿಂದೆ ಮೂಟೆಗಳ ಮೇಲೆ, ಟಾರ್ಪಾಲಿನ ಒಳಗೆ. ಸರಕಿನ ಗಾಡಿಯ ಹಿಂದೆ ಜನ ಕೂರುವ ಹಾಗಿಲ್ಲ. ಅದು ಎಲ್ಲರಿಗೂ ಗೊತ್ತು, ಎಲ್ಲರೂ ಕೂರಿಸುತ್ತಾರೆ. ಮುಂದೆ ಸೀಟು ಖಾಲಿ ಇತ್ತಲ್ವಾ ಅಂತ ಕೇಳಿದೆ. ಇರಲಿಲ್ಲ. ಅಲ್ಲಿ ಕನಕಾಂಬರದ ಬುಟ್ಟಿ ಕೂರುತ್ತಿತ್ತು. ಅದಕ್ಕೆ ರೇಟು ಜಾಸ್ತಿ, ಬಾಡಬಾರದು ಅಂತ.

ಗಾಡಿ ಕೆಳಗೆ ಕಂಡದ್ದು

ರಟ್ಟು ಹಾಸಿಕೊಂಡು ಗಾಡಿ ಕೆಳಗೆ ಮಲಗಿದೆ. ಟಾರ್ಚು ಬಿಟ್ಟ ಕೂಡಲೇ ಅರ್ಧ ಕಥೆ ಗೊತ್ತಾಯಿತು. ಸೈಲೆನ್ಸರ್ ಡಬ್ಬಿ ದಾಟಿದ ಮೇಲೆ ಪೈಪೇ ಇಲ್ಲ. ಡಬ್ಬಿಯಿಂದ ಒಂದು ಗೇಣು ಆಚೆ ಗ್ರೈಂಡರಿನಲ್ಲಿ ಕತ್ತರಿಸಿ, ಒಂದು ಬೆಂಡು ಬೆಸುಗೆ ಹಾಕಿ, ಕೆಳಕ್ಕೂ ಎಡಕ್ಕೂ ಓರೆಯಾಗಿ ತಿರುಗಿಸಿದ್ದರು. ಹಿಂದಿನ ಹೌಸಿಂಗಿಗೆ, ಅಂದರೆ ಎರಡು ಹಿಂಚಕ್ರಗಳ ನಡುವಿನ ಅಚ್ಚಿನ ಕವಚಕ್ಕೆ, ಮುಂಚೆಯೇ ಹೊಗೆ ಹೊರಗೆ.

ಎಂಟು ತಿಂಗಳ ಹಿಂದೆ ಹೈವೇ ಪಕ್ಕದ ಒಂದು ಗ್ಯಾರೇಜಿನಲ್ಲಿ ಮಾಡಿಸಿದ್ದಂತೆ. ಹಳೆ ಬಾಲದ ಪೈಪು ತುಕ್ಕು ಹಿಡಿದು ತೂತಾಗಿತ್ತು. ಹೊಸದು ಹಾಕಲು ಹೌಸಿಂಗಿನ ಮೇಲೆ ಕಮಾನಿನ ಹಾಗೆ ಬಗ್ಗಿಸಿದ ಪೈಪು ಬೇಕು. ಹುಡುಕಬೇಕು, ಕಾಯಬೇಕು. ಕತ್ತರಿಸಿ ತಿರುಗಿಸಿದರೆ ಅರ್ಧ ಗಂಟೆಯ ಕೆಲಸ. ಬಲಕ್ಕೆ ತಿರುಗಿಸೋಣ ಅಂದರೆ ಅಲ್ಲಿ ಪಟ್ಟೆ ಸ್ಪ್ರಿಂಗಿನ ಬ್ರಾಕೆಟ್ಟು, ಹ್ಯಾಂಡ್ ಬ್ರೇಕ್ ಕೇಬಲ್ಲು. ಎಡಕ್ಕೆ ಜಾಗ ಇತ್ತು, ಎಡಕ್ಕೆ ತಿರುಗಿಸಿದರು. ಆ ಮೆಕ್ಯಾನಿಕ್ಕನ್ನು ಪೂರ್ತಿ ಬೈಯಲು ನನಗೆ ಮನಸ್ಸಿಲ್ಲ. ಕಡಿಮೆಯಲ್ಲಿ ಮುಗಿಸು ಅಂತ ಅಣ್ಣನೇ ಹೇಳಿರುತ್ತಾರೆ.

ಮಸಿ ಎಲ್ಲೆಲ್ಲಿ ಕೂತಿದೆ ಅಂತ ನೋಡಿದರೆ ಹೊಗೆಯ ದಾರಿ ತಾನೇ ಕಾಣುತ್ತದೆ. ಬಾಡಿಯ ತಳದ ಶೀಟಿನ ಮೇಲೆ, ಎಡ ಹಿಂಬದಿಯ ಕಡೆಗೆ, ಬೀಸಣಿಗೆ ಬಿಚ್ಚಿದ ಆಕಾರದಲ್ಲಿ ಕಪ್ಪು. ಬೆರಳಿಟ್ಟು ಉಜ್ಜಿದರೆ ಮಖಮಲ್ಲಿನ ಹಾಗೆ ಒಣ ಮಸಿ. ಸ್ಟೆಪ್ನಿಯ ಅರ್ಧ ಭಾಗ ಕಪ್ಪು, ಅರ್ಧ ಬರೀ ಧೂಳು. ಹೌಸಿಂಗಿಗೆ ಬರುವ ಬ್ರೇಕಿನ ರಬ್ಬರ್ ಹೋಸು ಬಿಸಿ ತಿಂದು ಗಟ್ಟಿಯಾಗಿತ್ತು. ಬಗ್ಗಿಸಿದರೆ ಸಣ್ಣ ಬಿರುಕುಗಳು ಬಾಯಿ ಬಿಡುತ್ತಿದ್ದವು. ಹೊಗೆಯ ವಿಷಯ ಆಮೇಲೆ, ಮೊದಲು ಈ ಹೋಸು ಬದಲಾಯಿಸದೆ ಗಾಡಿ ಆಚೆ ಹೋಗಲ್ಲ ಅಂದೆ. ಅಣ್ಣ ಮೊದಲ ಸಲ ಗಾಬರಿಯಾದರು.

ಮೇಲೆ ಹತ್ತಿ ನೆಲ ಗುಡಿಸಿದೆ. ಎಡ ಹಿಂಬದಿಯ ಮೂಲೆಯಲ್ಲಿ ಎರಡು ಶೀಟು ಸೇರುವ ಕಡೆ ಬೆರಳು ತೂರುವಷ್ಟು ಸಂದು. ಬೋಲ್ಟು ಕಳಚಿದ ಎರಡು ತೂತು. ಹಾಳಾದ ನಾಲ್ಕು ಮೂಟೆ ಇದ್ದದ್ದು ಸರಿಯಾಗಿ ಅದರ ಮೇಲೆ.

ಹೂವು ಕೆಟ್ಟಿದ್ದಕ್ಕೆ ಮುಖ್ಯ ಕಾರಣ ಬಿಸಿ. ಆದರೆ ಹೂವು ಸಾಗಿಸುವವರಿಗೆ ಬಿಸಿಯೊಂದೇ ಚಿಂತೆ ಅಲ್ಲ. ಎಂಜಿನ್ ಹೊಗೆಯಲ್ಲಿ ಎಥಿಲೀನ್ ಅನ್ನುವ ಅನಿಲವೂ ಇರುತ್ತದೆ. ಬಾಳೆಕಾಯಿ, ಮಾವಿನಕಾಯಿ ಹಣ್ಣು ಮಾಡುವ ಅದೇ ಅನಿಲ. ಹಣ್ಣಿಗೆ ಒಳ್ಳೆಯದು, ಹೂವಿಗೆ ಅಲ್ಲ. ಗುಲಾಬಿ, ಕಾರ್ನೇಷನ್ ತರಹದ ಹೂವು ಬೇಗ ಬಾಡುತ್ತವೆ, ಕೊತ್ತಂಬರಿ ಹಳದಿಗೆ ತಿರುಗುತ್ತದೆ. ಹೂವು ಸಾಗಿಸುವವರು ಗಾಡಿ ಸ್ಟಾರ್ಟಿನಲ್ಲಿಟ್ಟು ಲೋಡ್ ಮಾಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಗಾಳಿ ಮುಂದಕ್ಕೂ ಬರುತ್ತದೆ

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಗಾಡಿ ಮುಂದೆ ಹೋಗುತ್ತದೆ, ಹೊಗೆ ಹಿಂದೆ ಉಳಿಯುತ್ತದೆ, ಮುಗೀತು ಅಂದುಕೊಳ್ಳುತ್ತೇವೆ. ನಮ್ಮ ಕೆಂಪು ಬಸ್ಸಿನ ಹಿಂದಿನ ಗಾಜು ನೋಡಿ. ಮಣ್ಣು ರಸ್ತೆಯಲ್ಲಿ ಓಡಿದ ಬಸ್ಸಿಗೆ ಮುಂದಿನ ಗಾಜಿಗಿಂತ ಹಿಂದಿನ ಗಾಜಿಗೇ ಧೂಳು ಜಾಸ್ತಿ. ಚೌಕ ಡಬ್ಬಿಯಂಥ ಗಾಡಿ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅದರ ಬೆನ್ನ ಹಿಂದೆ ಒತ್ತಡ ಕಡಿಮೆಯಾಗುತ್ತದೆ. ಪಕ್ಕದ ಗಾಳಿ, ಕೆಳಗಿನ ಗಾಳಿ ಸುರುಳಿ ಸುತ್ತಿಕೊಂಡು ಆ ಖಾಲಿಗೆ ನುಗ್ಗುತ್ತದೆ. ಗಾಡಿಯನ್ನೇ ಬೆನ್ನಟ್ಟಿಕೊಂಡು ಬರುತ್ತದೆ. ಹಿಂದೆ ಟಾರ್ಪಾಲು ಅರ್ಧ ತೆರೆದಿದ್ದರೆ ನೇರ ಒಳಗೆ.

ಬಾಯಲ್ಲಿ ಹೇಳಿದರೆ ಅಣ್ಣ ನಂಬಲಿಲ್ಲ. ಮನೆಯಿಂದ ಕೆಂಪು ಉಲ್ಲನ್ ದಾರ ತರಿಸಿ, ನಾಲ್ಕು ನಾಲ್ಕು ಇಂಚಿನ ಹನ್ನೆರಡು ತುಂಡು ಮಾಡಿದೆ. ಟಾರ್ಪಾಲಿನ ಹಿಂದಿನ ಅಂಚಿಗೆ, ಹಿಂದಿನ ಡೋರಿನ ಮೇಲ್ತುದಿಗೆ, ಎರಡೂ ಪಕ್ಕಕ್ಕೆ ಟೇಪಿನಲ್ಲಿ ಅಂಟಿಸಿದೆ. ಅಳಿಯ ಸರ್ವಿಸ್ ರಸ್ತೆಯಲ್ಲಿ 50ರ ಸ್ಪೀಡಿನಲ್ಲಿ ಗಾಡಿ ಓಡಿಸಿದ. ನಮ್ಮ ಶೆಡ್ಡಿನ ಹುಡುಗನ ಬೈಕಿನ ಹಿಂದೆ ಕೂತು ನಾನು ಫೋನಿನಲ್ಲಿ ವಿಡಿಯೊ ತೆಗೆದೆ. ಪಕ್ಕದ ದಾರಗಳು ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದವು. ಹಿಂದಿನ ಡೋರಿನ ಮೇಲಿನವು ಮಾತ್ರ ತಲೆ ತಿರುಗಿಸಿಕೊಂಡು ಒಳಕ್ಕೆ, ಮುಂದಕ್ಕೆ ಬಾಗಿ ಒದ್ದಾಡುತ್ತಿದ್ದವು. ಯಾರೋ ಒಳಗೆ ಕೂತು ಎಳೆಯುತ್ತಿರುವ ಹಾಗೆ.

ಅಣ್ಣ ಆ ವಿಡಿಯೊ ಮೂರು ಸಲ ನೋಡಿದರು. "ಹಂಗಾದ್ರೆ ಇವ್ನು ಇಷ್ಟು ದಿನ ಅದನ್ನೇ ಕುಡಿದಿದ್ದಾನೆ" ಅಂದರು. ಹುಡುಗನ ಕಡೆ ನೋಡಲಿಲ್ಲ.

ಇದು ನಮ್ಮೊಬ್ಬರ ಗಾಡಿಯ ಕಥೆಯಲ್ಲ. ಅಮೆರಿಕದ ಸಿಯಾಟಲ್‌ನ ಆಸ್ಪತ್ರೆಯೊಂದರ ಇಬ್ಬರು 1992ರಲ್ಲಿ ಒಂದು ವರದಿ ಪ್ರಕಟಿಸಿದ್ದರು. ಪಿಕಪ್ಪಿನ ಹಿಂದೆ ಕೂತು ಬಂದು ಕಾರ್ಬನ್ ಮೊನಾಕ್ಸೈಡ್ ವಿಷ ಏರಿಸಿಕೊಂಡ 20 ಮಕ್ಕಳ ವಿಷಯ. 17 ಮಕ್ಕಳು ಗಟ್ಟಿ ಮುಚ್ಚಿಗೆಯ ಕೆಳಗಿದ್ದರು, 3 ಮಕ್ಕಳು ಟಾರ್ಪಾಲಿನ ಕೆಳಗೆ. 15 ಮಕ್ಕಳಿಗೆ ಪ್ರಜ್ಞೆ ತಪ್ಪಿತ್ತು. ಒಂದು ಮಗು ಉಳಿಯಲಿಲ್ಲ. ಆ ಎಲ್ಲ ಗಾಡಿಗಳಲ್ಲೂ ಒಂದೋ ಸೈಲೆನ್ಸರ್ ಮೊದಲೇ ಸೋರುತ್ತಿತ್ತು, ಇಲ್ಲವೇ ಪೈಪಿನ ಬಾಯಿ ಪಕ್ಕಕ್ಕೆ ಇರದೆ ಹಿಂದಕ್ಕಿತ್ತು.

ಡೀಸೆಲ್ ಹೊಗೆಯಲ್ಲಿ ಪೆಟ್ರೋಲ್ ಹೊಗೆಯಷ್ಟು ಕಾರ್ಬನ್ ಮೊನಾಕ್ಸೈಡ್ ಇರುವುದಿಲ್ಲ, ತುಂಬ ಕಡಿಮೆ. ಅದಕ್ಕೇ ನಮ್ಮ ಹುಡುಗ ತಲೆನೋವು, ವಾಂತಿಯಲ್ಲಿ ಉಳಿದಿದ್ದಾನೆ ಅಂತ ನನ್ನ ಲೆಕ್ಕ. ಆದರೆ ಮಸಿ, ನೈಟ್ರೋಜನ್ ಆಕ್ಸೈಡು, ಕಣ್ಣು ಉರಿಸುವ ಇನ್ನೂ ಏನೇನೋ ಅದರಲ್ಲಿ ಧಾರಾಳವಾಗಿರುತ್ತವೆ. ಡೀಸೆಲ್ ಅಂತ ಧೈರ್ಯ ತಂದುಕೊಳ್ಳುವಂಥದ್ದೇನಿಲ್ಲ.

ಬಾಯಿ ಎಲ್ಲಿ?

ಈಗ ಪೈಪು ಮರುಹಾಕಬೇಕು. ಎಲ್ಲಿಗೆ ಬಿಡೋದು ಅನ್ನುವ ಮಾತಿಗೆ ಶೆಡ್ಡಿನಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಅಣ್ಣನ ಮಗ ಕಾಲೇಜು ಮುಗಿಸಿಕೊಂಡು ನೇರ ಅಲ್ಲಿಗೇ ಬಂದ. ಫೋನಿನಲ್ಲಿ ಅಮೆರಿಕದ ದೊಡ್ಡ ಪಿಕಪ್ಪುಗಳ ವಿಡಿಯೊ ತೋರಿಸಿದ. ಕ್ಯಾಬಿನ್ನಿನ ಹಿಂದೆ ಎರಡು ಕೊಳವೆ ಆಕಾಶಕ್ಕೆ ನಿಂತಿವೆ, ಕಪ್ಪು ಹೊಗೆ ಕಾರುತ್ತಿವೆ.

"ಅಣ್ಣ, ಹಿಂಗೇ ಮೇಲಕ್ಕೆ ಬಿಟ್ಟುಬಿಡಿ. ಯಾರಿಗೂ ತೊಂದರೆ ಇಲ್ಲ. ಲುಕ್ಕೂ ಬರುತ್ತೆ."

ನಗಬಾರದು, ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಟ್ರ್ಯಾಕ್ಟರಿನ ಪೈಪು ಮೇಲಕ್ಕೇ ಇರುತ್ತದೆ. ಹೊಗೆ ಮೇಲೆ ಬಿಟ್ಟರೆ ಕೆಳಗಿನವರಿಗೆ ಕಡಿಮೆ ತಾಗುತ್ತದೆ. ಆದರೆ ಇಲ್ಲಿ ಕ್ಯಾಬಿನ್ನಿನ ಹಿಂದೆಯೇ ಟಾರ್ಪಾಲು. ಬಿಸಿ ಪೈಪಿನ ಪಕ್ಕದಲ್ಲಿ ಟಾರ್ಪಾಲು ಕಟ್ಟಿಕೊಂಡು ರಾತ್ರಿ ಹೈವೇಯಲ್ಲಿ ಹೋಗುವುದು ಬೇಡ. ಮಳೆ ನೀರು ಒಳಗಿಳಿಯುತ್ತದೆ. ಇನ್ನು ಆ ಕಪ್ಪು ಹೊಗೆ ಕಾರುವ ಆಟ ಅಲ್ಲೂ ಕಾನೂನಿಗೆ ವಿರುದ್ಧ. ನ್ಯೂಜೆರ್ಸಿ ರಾಜ್ಯ 2015ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿತು. ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳ ಹೊಗೆ ಶುದ್ಧಿ ಸಾಮಾನನ್ನೇ ಕಿತ್ತುಹಾಕಿದ್ದಾರೆ ಅಂತ ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ 2020ರಲ್ಲಿ ಲೆಕ್ಕ ಹಾಕಿತ್ತು. ಎರಡು ಕಡೆ ಎರಡು ಬಾಯಿ ಹಾಕಿಸೋಣ ಅಂತಲೂ ಮಗ ಹೇಳಿ ನೋಡಿದ. ಒಂದು ಸಾಲಿನ ನಾಲ್ಕು ಸಿಲಿಂಡರ್ ಎಂಜಿನ್ನು, ಒಂದೇ ಪೈಪು ಬರುತ್ತದೆ. ಕೊನೆಯಲ್ಲಿ ಎರಡು ಮಾಡಿದರೆ ಖರ್ಚು ಎರಡರಷ್ಟು, ಲಾಭ ಸೊನ್ನೆ.

ಎಡಕ್ಕೆ ಬಿಡುವುದು ಮೊದಲೇ ಬಿದ್ದುಹೋಯಿತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 112ನೇ ನಿಯಮದ ಸಾರ ಇಷ್ಟು: ಹೊಗೆಯನ್ನು ಕೆಳಕ್ಕೆ ಬಿಡಬಾರದು, ಎಡಕ್ಕೆ ಬಿಡಬಾರದು. ಮೇಲಕ್ಕೆ, ಹಿಂದಕ್ಕೆ ಅಥವಾ ಬಲಕ್ಕೆ ಬಿಡಬೇಕು. ನಮ್ಮಲ್ಲಿ ಗಾಡಿ ರಸ್ತೆಯ ಎಡಕ್ಕೆ ಓಡುತ್ತದೆ. ಎಡಕ್ಕೆ ಬಿಟ್ಟರೆ ಬಸ್‌ಸ್ಟಾಪಿನಲ್ಲಿ ನಿಂತವರ ಕಾಲಿಗೆ, ಫುಟ್‌ಪಾತಿನ ಮಕ್ಕಳ ಮುಖಕ್ಕೆ. ಹೈವೇ ಗ್ಯಾರೇಜಿನವರು ಒಂದೇ ಬೆಂಡಿನಲ್ಲಿ ಎರಡೂ ತಪ್ಪು ಮಾಡಿದ್ದರು, ಕೆಳಕ್ಕೂ ಎಡಕ್ಕೂ. ತಮಾಷೆ ಅಂದರೆ ಅಮೆರಿಕದ ಎಷ್ಟೋ ಪಿಕಪ್ಪುಗಳಲ್ಲಿ ಬಾಯಿ ಬಲ ಹಿಂಚಕ್ರದ ಹಿಂದೆ ಇರುತ್ತದೆ. ಅವರಿಗೆ ಅದು ಫುಟ್‌ಪಾತಿನ ಕಡೆ. ಅದೇ ಜಾಗ ನಮಗೆ ರಸ್ತೆ ನಡುವಿನ ಕಡೆ. ವಿಡಿಯೊ ನೋಡಿ ನಕಲು ಮಾಡುವವರು ಇಷ್ಟನ್ನಾದರೂ ನೆನಪಿಡಬೇಕು.

ಉಳಿದದ್ದು ಎರಡು. ಹಿಂದಕ್ಕೆ, ಇಲ್ಲವೇ ಬಲಕ್ಕೆ.

ಕಂಪನಿಯಿಂದ ಬಂದಾಗ ಈ ಗಾಡಿಯ ಪೈಪು ಹೌಸಿಂಗ್ ದಾಟಿ ಬಲ ಹಿಂಬದಿಗೆ ಬಂದು ಮುಗಿಯುತ್ತಿತ್ತು. ಆದರೆ ಬಾಡಿ ಕಟ್ಟಿದವರು ನೆಲವನ್ನು ಅದಕ್ಕಿಂತ ಒಂದೂವರೆ ಅಡಿ ಹಿಂದಕ್ಕೆ ತಂದಿದ್ದರು. ಪೈಪು ಉದ್ದ ಮಾಡಲಿಲ್ಲ. ಅಂದರೆ ಹೈವೇ ಗ್ಯಾರೇಜಿಗೆ ಹೋಗುವ ಮೊದಲೂ ಬಾಯಿ ನೆಲದ ಕೆಳಗೇ ಇತ್ತು. ಬಾಡಿ ಕಟ್ಟಿಸುವವರು ಬಣ್ಣ, ಬರಹ, ದೇವರ ಹೆಸರು ಎಲ್ಲ ನೋಡುತ್ತಾರೆ. ಪೈಪು ಎಲ್ಲಿ ಮುಗಿಯುತ್ತದೆ ಅಂತ ಬಗ್ಗಿ ನೋಡುವವರು ಕಡಿಮೆ. ಹೊಗೆ ಯಾವತ್ತೂ ಬಾಡಿಯ ಅಂಚು ದಾಟಿ ಹೊರಗೆ ಬೀಳಬೇಕು. ನೆಲದ ಅಡಿಯಲ್ಲಿ ಬಿಟ್ಟರೆ ಅದಕ್ಕೆ ಸಂದು ಹುಡುಕಿಕೊಂಡು ಮೇಲೇರುವುದೊಂದೇ ಕೆಲಸ.

ಮೊದಲ ಪ್ರಯತ್ನ, ಮತ್ತು ಗೋಡೆ

ಹಿಂದಕ್ಕೇ ಹಾಕಿದೆ. ನಿಯಮಕ್ಕೂ ಸರಿ, ಕಂಪನಿ ದಾರಿಗೂ ಹತ್ತಿರ. ಪೈಪನ್ನು ಬಾಡಿಯ ಅಂಚಿಗಿಂತ ಎರಡು ಇಂಚು ಆಚೆ ತಂದೆ. ನೆಲದ ಸಂದಿಗೆ ಪಟ್ಟಿ ಕೊಟ್ಟು ಬೆಸುಗೆ ಹಾಕಿದೆ, ತೂತು ಮುಚ್ಚಿದೆ.

ಫಲ ನೋಡಲು ಒಂದು ಹಳೆ ಬಿಳಿ ಪಂಚೆಯನ್ನು ಅಂಗೈ ಅಗಲದ ತುಂಡು ಮಾಡಿ ಟಾರ್ಪಾಲಿನ ಒಳಗೆ ಮೂರು ಕಡೆ ಕಟ್ಟಿದೆ. ಮುಂದೆ, ಮಧ್ಯೆ, ಹಿಂದೆ. ಎರಡು ರಾತ್ರಿ ಮಾರ್ಕೆಟ್ಟಿಗೆ ಹೋಗಿ ಬಂದ ಮೇಲೆ ಬಿಚ್ಚಿದೆವು. ಮುಂದಿನದು ಬಿಳಿ. ಮಧ್ಯದ್ದೂ ಪರವಾಗಿಲ್ಲ. ಹಿಂದಿನದು ಬೂದಿ ಬಣ್ಣ. ಮೂಗಿಗೆ ಹಿಡಿದರೆ ಡೀಸೆಲ್. ಮೊದಲಿನಷ್ಟಿಲ್ಲ, ಆದರೆ ಇದೆ. ದಾರದ ವಿಡಿಯೊ ನೋಡಿದ ಮೇಲೂ ನಾನು ಹಿಂದಕ್ಕೇ ಹಾಕಿದ್ದು ನನ್ನ ಸೋಮಾರಿತನ, ಬೇರೇನಲ್ಲ. ಆ ದಾರಿ ಸುಲಭ ಇತ್ತು.

ಮೂರನೇ ರಾತ್ರಿ ಇನ್ನೊಂದು ಆಯಿತು. ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆಯುವಾಗ ಆ ಎರಡು ಇಂಚು ಗೋಡೆಗೆ ತಾಗಿ ಪೈಪಿನ ಬಾಯಿ ವೀಳ್ಯದೆಲೆ ಮಡಿಸಿದ ಹಾಗೆ ಮಡಿಸಿಕೊಂಡಿತು. ಒಂದು ಹ್ಯಾಂಗರ್ ರಬ್ಬರ್ ಕಿತ್ತುಬಂತು. ಹೂವು ಇಳಿಸುವ ಕೂಲಿಯವರೂ ಬೈದರಂತೆ. ಅವರು ನಿಲ್ಲುವುದೇ ಹಿಂದಿನ ಡೋರಿನ ಹತ್ತಿರ, ಹೊಗೆ ನೇರ ಮೊಣಕಾಲಿಗೆ. ಈ ಕೂಲಿಯವರನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

"ಇಳಿಸುವಾಗ ಆಫ್ ಮಾಡಕ್ಕೇನು?" ಅಂತ ಅಳಿಯನನ್ನು ಕೇಳಿದೆ.

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗ್ಬೇಕಲ್ಲ ಅಣ್ಣ. ಬ್ಯಾಟರಿ ವೀಕು. ಆರು ತಿಂಗಳಿಂದ ರಾತ್ರಿ ಪೂರ್ತಿ ಆನ್‌ನಲ್ಲೇ ಇರುತ್ತೆ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹಳ್ಳಿಯಲ್ಲಿ ಲೋಡ್ ಮಾಡುವಾಗ ಮುಕ್ಕಾಲು ಗಂಟೆ, ಮಾರ್ಕೆಟ್ಟಿನಲ್ಲಿ ಒಂದು ಗಂಟೆ, ಗಾಡಿ ನಿಂತಲ್ಲೇ ಹೊಗೆ ಬಿಡುತ್ತಿತ್ತು. ನಿಂತ ಗಾಡಿಯ ಹೊಗೆಯನ್ನು ಹೊತ್ತೊಯ್ಯಲು ಗಾಳಿಯೂ ಇರುವುದಿಲ್ಲ. ಪೈಪನ್ನು ಎಲ್ಲಿಗೆ ತಿರುಗಿಸಿದರೂ ಆ ಪೌಣೆ ಎರಡು ಗಂಟೆಗೆ ಔಷಧಿ ಇಲ್ಲ. ಬ್ಯಾಟರಿ ಮಾತ್ರ ಔಷಧಿ. ಅಣ್ಣ ಅವತ್ತೇ ಹೊಸದು ಹಾಕಿಸಿದರು. ನನ್ನ ಅಂದಾಜಿನಲ್ಲಿ ಈ ಪ್ರಕರಣದ ಅರ್ಧ ಭಾಗ ಅಲ್ಲಿಗೇ ಮುಗಿಯಿತು. ಸೈಲೆನ್ಸರ್ ಮುಟ್ಟುವ ಮೊದಲು ಇದನ್ನು ಕೇಳಬೇಕಿತ್ತು, ಕೇಳಲಿಲ್ಲ.

ಬಲ ಹಿಂಚಕ್ರದ ಹಿಂದೆ

ಎರಡನೇ ಸಲ ಬಲಕ್ಕೆ ತಂದೆ. ಚಕ್ರದ ಮುಂದೆ ಬಿಡುವುದೋ ಹಿಂದೆಯೋ ಅನ್ನುವ ಪ್ರಶ್ನೆ ಬಂತು. ಮುಂದೆ ಬಿಟ್ಟರೆ ಹೌಸಿಂಗ್ ದಾಟುವ ತಾಪತ್ರಯವೇ ಇಲ್ಲ, ಎರಡಡಿ ಪೈಪಿನಲ್ಲಿ ಮುಗಿಯುತ್ತದೆ. ಆದರೆ ಬಿಸಿ ಗಾಳಿ ಟೈರಿಗೆ ಹೊಡೆಯುತ್ತದೆ, ಸದ್ದು ಕ್ಯಾಬಿನ್ನಿಗೆ ಹತ್ತಿರ, ಡ್ರೈವರಿನ ಕಿಟಕಿಯೂ ಬಲಕ್ಕೇ. ಮೇಲಾಗಿ ಹೊಗೆ ಬಾಡಿಯ ಪಕ್ಕವನ್ನೇ ಸವರಿಕೊಂಡು ಹಿಂದೆ ಹೋಗುತ್ತದೆ, ಟಾರ್ಪಾಲು ಕಟ್ಟುವ ಕಣ್ಣುಗಳಲ್ಲಿ ಒಳನುಗ್ಗಬಹುದು. ಹಾಗಾಗಿ ಚಕ್ರದ ಹಿಂದೆ. ಅಲ್ಲಿಂದ ಬಾಡಿಯ ತುದಿ ಹತ್ತಿರ. ಪಕ್ಕಕ್ಕೆ ಚಿಮ್ಮಿದ ಹೊಗೆಯನ್ನು ಪಕ್ಕದಲ್ಲಿ ಓಡುವ ಗಾಳಿ ಎಳೆದುಕೊಂಡು ಹೋಗಿಬಿಡುತ್ತದೆ. ಬೆನ್ನ ಹಿಂದಿನ ಸುರುಳಿಗೆ ಸಿಗುವುದು ಕಡಿಮೆ.

ಕೆಲಸದಲ್ಲಿ ಕಷ್ಟದ ಜಾಗ ಒಂದೇ, ಹೌಸಿಂಗಿನ ಮೇಲಿನ ಕಮಾನು. ಖಾಲಿ ಗಾಡಿಯಲ್ಲಿ ನೋಡಿದರೆ ಹೌಸಿಂಗಿಗೂ ಬಾಡಿಯ ನೆಲಕ್ಕೂ ಮಧ್ಯೆ ಬೇಕಾದಷ್ಟು ಜಾಗ ಕಾಣುತ್ತದೆ. ಅದನ್ನು ನಂಬಿದರೆ ಕೆಟ್ಟಿರಿ. ಲೋಡ್ ಬಿದ್ದಾಗ ಪಟ್ಟೆ ಚಪ್ಪಟೆಯಾಗಿ ಹೌಸಿಂಗ್ ಮೇಲಕ್ಕೆ ಬರುತ್ತದೆ, ಹಂಪಿನಲ್ಲಿ ಇನ್ನೂ ಮೇಲಕ್ಕೆ. ಹೌಸಿಂಗಿನ ಕೆಳಗೆ ಜಾಕ್ ಕೊಟ್ಟು, ರಬ್ಬರ್ ಸ್ಟಾಪರ್ ತಾಗುವ ತನಕ ಎತ್ತಿ, ಆಗ ಉಳಿಯುವ ಜಾಗದಲ್ಲಿ ಪೈಪು ಕೂರಿಸಿದೆ. ಎರಡು ಬೆರಳು ಸಲೀಸಾಗಿ ಆಡಬೇಕು. ರೆಡಿ ಬೆಂಡುಗಳನ್ನೇ ತಂದು ಕತ್ತರಿಸಿ ಜೋಡಿಸಿದೆ. ಪೈಪು ಬಿಸಿ ಮಾಡಿ ಬಗ್ಗಿಸಿದರೆ ಬೆಂಡಿನ ಹೊಟ್ಟೆ ಒಳಗೆ ಕುಸಿಯುತ್ತದೆ, ಹೊಗೆಗೆ ದಾರಿ ಇಕ್ಕಟ್ಟಾಗುತ್ತದೆ. ಅಳತೆ ಮೊದಲಿನದೇ, 2 ಇಂಚು, 16 ಗೇಜ್. ದಪ್ಪ ಪೈಪು ಹಾಕಿದರೆ ಎಂಜಿನ್ನಿಗೆ ಎಳೆತ ಜಾಸ್ತಿ ಬರುತ್ತಾ ಅಂತ ಅಣ್ಣನ ಮಗ ಕೇಳಿದ. ಬರುವುದು ಸದ್ದು.

ಚಾಸಿಗೆ ನೇರ ಬೆಸುಗೆ ಹಾಕಲಿಲ್ಲ, ಮೂರು ಕಡೆ ಹ್ಯಾಂಗರ್ ರಬ್ಬರಿನಲ್ಲಿ ನೇತುಹಾಕಿದೆ. ಎಂಜಿನ್ನು ಸ್ಟಾರ್ಟಿನಲ್ಲೂ ಗೇರಿನಲ್ಲೂ ಅಲುಗಾಡುತ್ತದೆ, ಅದರ ಜೊತೆ ಪೈಪೂ ಅಲುಗಾಡಬೇಕು. ಬಿಗಿ ಹಿಡಿದರೆ ಬಿರುಕು ಬಿಡುವುದು ಟರ್ಬೊ ಹತ್ತಿರ, ಅದು ದುಬಾರಿ ಜಾಗ. ಪೈಪು ಎಲ್ಲೂ ಹೊಟ್ಟೆ ಇಳಿಬಿಡದ ಹಾಗೆ, ಬಾಯಿ ಕಡೆಗೆ ಚೂರು ಇಳಿಜಾರು ಕೊಟ್ಟೆ. ಡೀಸೆಲ್ ಉರಿದರೆ ನೀರಿನ ಆವಿಯೂ ಹುಟ್ಟುತ್ತದೆ. ಗಾಡಿ ನಿಂತಾಗ ಅದು ತಣ್ಣಗಾಗಿ ತಗ್ಗಿನಲ್ಲಿ ಕೂರುತ್ತದೆ, ಒಳಗಿಂದಲೇ ತುಕ್ಕು. ಹಳೆಯ ಬಾಲ ಹೋದದ್ದೂ ಹಾಗೆಯೇ.

ಡೀಸೆಲ್ ಲೈನಿಗೂ ಪೈಪಿಗೂ ಕನಿಷ್ಠ 35 ಮಿಲಿಮೀಟರ್ ಅಂತರ ಇರಬೇಕು ಅನ್ನುತ್ತದೆ 113ನೇ ನಿಯಮ. ಈ ಗಾಡಿಯಲ್ಲಿ ಟ್ಯಾಂಕು, ಲೈನು ಎರಡೂ ಎಡಕ್ಕಿವೆ, ಹಾಗಾಗಿ ಬಲಕ್ಕೆ ಹೋದಷ್ಟೂ ಒಳ್ಳೆಯದು. ಟೇಲ್ ಲೈಟಿನ ವೈರು ಮಾತ್ರ ಹತ್ತಿರ ಇತ್ತು, ಅದನ್ನು ಫ್ರೇಮಿನ ಮೇಲುಗಡೆಗೆ ಎತ್ತಿ ಕಟ್ಟಿದೆ. ಬಾಯಿಯನ್ನು ಬಾಡಿಯ ಪಕ್ಕದ ಅಂಚಿಗೆ ಸರಿಸಮ ತಂದು, ಸ್ವಲ್ಪ ಹಿಂದಕ್ಕೆ ಓರೆ ಮಾಡಿದೆ. ಹೊರಗೆ ಚಾಚಿದರೆ ಯಾರದಾದರೂ ಕಾಲು ಸುಡುತ್ತದೆ. ಒಳಗೆ ಬಿಟ್ಟರೆ ಮತ್ತೆ ಹಳೇ ಕಥೆ. ಪೈಪು, ಬೆಂಡು, ರಬ್ಬರ್, ಕ್ಲಾಂಪ್ ಎಲ್ಲ ಸೇರಿ 3,800 ರೂಪಾಯಿ. ಮೊದಲನೇ ಸಲದ ಕೂಲಿ ನಾನು ತಗೊಳ್ಳಲಿಲ್ಲ.

ಒಂದು ಎಚ್ಚರಿಕೆ. ಇದು ಬಿಎಸ್-3 ಗಾಡಿಯಾದ್ದರಿಂದ ಕೈಹಾಕಿದೆ. ಡಬ್ಬಿಯ ತನಕ ಏನೂ ಮುಟ್ಟಲಿಲ್ಲ, ಅದರ ಹಿಂದಿನ ಬಾಲ ಮಾತ್ರ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ದಾರಿಯುದ್ದಕ್ಕೂ ಫಿಲ್ಟರು, ಸೆನ್ಸರುಗಳಿರುತ್ತವೆ. ಮಸಿ ಸುಡುವ ಹೊತ್ತಿನಲ್ಲಿ ಫಿಲ್ಟರಿನ ಒಳಗೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ. ಅಂಥದ್ದಕ್ಕೆ ಗ್ರೈಂಡರ್ ಇಡುವುದು ಬೇಡ, ಕಂಪನಿ ಪೈಪನ್ನೇ ತರಿಸಿ. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನ ಮೇಲೆ ಒಂದೊಂದಕ್ಕೂ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು ಅಂತ 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ.

ಆಮೇಲೆ

ಅದೇ ಪಂಚೆಯ ಹೊಸ ತುಂಡುಗಳು, ಅದೇ ಮೂರು ಜಾಗ, ಮತ್ತೆ ಎರಡು ರಾತ್ರಿ. ಈ ಸಲ ಹಿಂದಿನದನ್ನೂ ಮುಂದಿನದನ್ನೂ ಪಕ್ಕ ಪಕ್ಕ ಹಿಡಿದರೆ ಯಾವುದು ಯಾವುದು ಅಂತ ಹುಡುಕಬೇಕಿತ್ತು. ಹಿಂದಿನದರಲ್ಲಿ ಧೂಳಿತ್ತು, ವಾಸನೆ ಇರಲಿಲ್ಲ. ಇದಕ್ಕೆ ಪೈಪಿನ ಜೊತೆ ಬ್ಯಾಟರಿಯ ಪಾಲೂ ಇದೆ. ಎಷ್ಟೆಷ್ಟು ಅಂತ ಬೇರೆ ಮಾಡಿ ಹೇಳಲು ನನ್ನ ಪಂಚೆ ತುಂಡಿನಿಂದ ಆಗುವುದಿಲ್ಲ.

ತೊಂದರೆ ಪೂರ್ತಿ ಹೋಯಿತು ಅಂತಲ್ಲ. ಬಲಕ್ಕೆ ಬಿಟ್ಟ ಹೊಗೆ ಸಿಗ್ನಲ್ಲಿನಲ್ಲಿ ಬಲಕ್ಕೆ ಬಂದು ನಿಲ್ಲುವ ಬೈಕಿನವರಿಗೆ ತಾಗುತ್ತದೆ. ಟೋಲಿನ ಬೂತೂ ಡ್ರೈವರ್ ಕಡೆಗೇ. ಫಾಸ್ಟ್‌ಟ್ಯಾಗ್ ಬಂದ ಮೇಲೆ ಅಲ್ಲಿ ನಿಲ್ಲುವುದು ಕಡಿಮೆಯಾಗಿದೆ, ಆದರೂ ಒಳಗೆ ಕೂತವರು ಇಂಥ ಎಷ್ಟು ಗಾಡಿಗಳ ಹೊಗೆ ಕುಡಿಯಬೇಕೋ. ರಾತ್ರಿ ಮೂರು ಗಂಟೆಯ ಗಾಡಿಗೆ ಈ ಲೆಕ್ಕ ಪರವಾಗಿಲ್ಲ ಅನ್ನಿಸಿತು. ಇದೇ ಗಾಡಿ ಹಗಲಿನಲ್ಲಿ ಪೇಟೆಯೊಳಗೇ ಓಡುವುದಾಗಿದ್ದರೆ, ಹಿಂದೆ ಯಾರೂ ಕೂರದಿದ್ದರೆ, ನಾನು ಹಿಂದಕ್ಕೇ ಬಿಡುತ್ತಿದ್ದೆನೇನೋ.

ಹುಡುಗ ಈಗ ಮುಂದೆ ಕೂರುತ್ತಾನೆ. ಅಣ್ಣ ಅದಕ್ಕೆ ಸುಲಭಕ್ಕೆ ಒಪ್ಪಲಿಲ್ಲ. ಹೊಗೆ ನಿಂತಿತಲ್ಲ, ಇನ್ನೇನು ಅಂದರು. "ಹಂಗಾದ್ರೆ ಕನಕಾಂಬರಾನ ಹಿಂದೆ ಇಡಿ ಅಣ್ಣ. ಹೊಗೆ ಇಲ್ವಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಮಾರನೇ ರಾತ್ರಿಯಿಂದ ಬುಟ್ಟಿ ಹಿಂದೆ, ಒದ್ದೆ ಗೋಣಿ ಹೊದ್ದುಕೊಂಡು. ಹಬ್ಬದ ಹಿಂದಿನ ದಿನ ಆ ಬುಟ್ಟಿಗೆ ಒಳ್ಳೇ ರೇಟು ಸಿಕ್ಕಿತಂತೆ.

ಮಗನ ಆಸೆಗೆ ಅಂತ ಪೈಪಿನ ಬಾಯಿಗೆ ಒಂದು ಹೊಳೆಯುವ ತುದಿ ಸ್ಕ್ರೂ ಹಾಕಿ ಕೊಟ್ಟಿದ್ದೆ. ಹದಿನೈದು ದಿನಕ್ಕೆ ದೇವನಹಳ್ಳಿ ಹತ್ತಿರ ಎಲ್ಲೋ ಬಿದ್ದುಹೋಯಿತು. ವರ್ಷಕ್ಕೊಮ್ಮೆಯ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟು) ಮುಂಚೆ ಎಮಿಷನ್ ಟೆಸ್ಟ್ ಮಾಡಿಸಲು ಹೋದಾಗ ಅಲ್ಲಿನ ಹುಡುಗ ಅಳಿಯನನ್ನು ಕೇಳಿದನಂತೆ, "ಪೈಪ್ ಯಾವಾಗ ಹೊರಗೆ ಬಂತು?" ಹಿಂದಿನ ಸಲ ಅವನು ಹೊಗೆ ಅಳೆಯುವ ಪ್ರೋಬು ತೂರಿಸಲು ಗಾಡಿ ಕೆಳಗೆ ಮಲಗಿದ್ದನಂತೆ.